ಬೆನ್ನುನೋವೆಂದು ಸುಮ್ಮನಿರಬೇಡಿ: ಬೆನ್ನೆಲುಬಿಗೆ ಹರಡಿದ ಕ್ಯಾನ್ಸರ್‌ಗೆ ತಂಡದ ಚಿಕಿತ್ಸೆ



ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಕುಕ್ಕರಗಾಲಲ್ಲಿ ಕುಳಿತು ಎರಡು ಹಸು ಕರೆದು, ಕ್ಯಾನು ಹಿಡಿದು ಡೇರಿಗೆ ಹೊರಡುವ ನಿಮಗೆ ಬೆನ್ನುನೋವು ಹೊಸದಲ್ಲ. ಮೇವಿನ ಹೊರೆ ಹೊತ್ತ ದಿನ ಸೊಂಟ ಹಿಡಿಯುತ್ತದೆ. ಬಿಸಿನೀರು ಹುಯ್ದುಕೊಂಡು ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತದೆ. ಬೆನ್ನುನೋವೆಂದು ವೈದ್ಯರ ಬಳಿ ಬರುವ ನೂರು ಜನರಲ್ಲಿ ಅದಕ್ಕೆ ಕ್ಯಾನ್ಸರ್ ಕಾರಣವಾಗಿರುವುದು ಒಬ್ಬರಿಗಿಂತಲೂ ಕಡಿಮೆ. ಆದ್ದರಿಂದ ಈ ಲೇಖನ ಓದಿ ಯಾರೂ ಹೆದರಬೇಕಾಗಿಲ್ಲ.

ಆದರೆ ನಮ್ಮ ನಡುವೆ ಒಂದು ಗುಂಪಿನ ಜನರಿದ್ದಾರೆ. ಹಿಂದೆ ಎಂದಾದರೂ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು, ಈಗ ಪಡೆಯುತ್ತಿರುವವರು. ಅವರಿಗೆ ಹೊಸದಾಗಿ ಬಂದ ಬೆನ್ನುನೋವು ಬೇರೆಯದೇ ಮಾತು. ಅಂಥವರು ನಿಮ್ಮ ಮನೆಯಲ್ಲಿರಬಹುದು, ನಿಮ್ಮ ಸಂಘದ ಸದಸ್ಯೆಯಾಗಿರಬಹುದು, ನೀವೇ ಆಗಿರಬಹುದು. ಈ ಲೇಖನ ಹೇಳುವುದು ಒಂದೇ ವಿಷಯ: ಆ ನೋವನ್ನು ಕಾಲು ಸೋಲುವ ಮುಂಚೆ ಕ್ಯಾನ್ಸರ್ ಆಸ್ಪತ್ರೆಗೆ ಮುಟ್ಟಿಸಿ, ಅಲ್ಲಿ ಒಬ್ಬರಲ್ಲ, ಒಂದು ತಂಡವೇ ಕೂತು ನೋಡುವಂತೆ ಕೇಳಿ.

ಒಬ್ಬ ಅಕ್ಕನ ಉದಾಹರಣೆ

ಇದು ಯಾರೊಬ್ಬರ ಕಥೆಯಲ್ಲ. ಇಂಥ ಕಾಯಿಲೆಯಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ತಿಳಿಸಲು ಮಾಡಿಕೊಂಡ ಉದಾಹರಣೆ. ಅವಳನ್ನು ಅಕ್ಕ ಎಂದೇ ಕರೆಯೋಣ.

ಅಕ್ಕನಿಗೆ 52 ವರ್ಷ. ಆರು ವರ್ಷದ ಹಿಂದೆ ಎಡ ಸ್ತನದಲ್ಲಿ ಗಂಟು ಕಾಣಿಸಿತ್ತು. ಆಪರೇಷನ್ ಆಯಿತು, ಕಿಮೋ ಆಯಿತು, ಆಮೇಲೆ ದಿನಕ್ಕೊಂದು ಮಾತ್ರೆ. ಐದು ವರ್ಷ ಮಾತ್ರೆ ಮುಗಿದ ಮೇಲೆ "ಎಲ್ಲಾ ಸರಿಹೋಯಿತಲ್ಲ" ಎಂದು ತಪಾಸಣೆಗೆ ಹೋಗುವುದನ್ನು ಬಿಟ್ಟಳು. ಈಗ ಎರಡು ತಿಂಗಳಿಂದ ಎರಡು ಹೆಗಲ ಮೂಳೆಗಳ ನಡುವೆ ನೋವು. ಮೊದಲು ಹೊರೆ ಹೊತ್ತಿದ್ದಕ್ಕೆ ಎಂದುಕೊಂಡಳು. ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿದಳು, ಎಣ್ಣೆ ತಿಕ್ಕಿಸಿಕೊಂಡಳು. ಆದರೆ ಈ ನೋವಿನ ಸ್ವಭಾವವೇ ಬೇರೆ. ಕೆಲಸ ಮಾಡುವಾಗಲೂ ಇದೆ, ಮಲಗಿದರೆ ಇನ್ನೂ ಜೋರು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ. ಕೆಮ್ಮಿದರೆ, ಸೀನಿದರೆ ಚುಚ್ಚುತ್ತದೆ. ಎದೆ ಸುತ್ತ ಪಟ್ಟಿ ಬಿಗಿದಂತಾಗುತ್ತದೆ.

ಮನೆಯಲ್ಲಿ ಹೇಳಿದ್ದಾಳೆ. "ಆಸ್ಪತ್ರೆಗೆ ಹೋಗೋಣ" ಎಂದು ಗಂಡನೂ ಅಂದಿದ್ದಾನೆ. ಆದರೆ ತುಂಬು ಗಬ್ಬದ ಹಸುವಿದೆ, ಕರು ಹಾಕಲಿ ಎಂದು ಒಂದು ವಾರ. ಬಟವಾಡೆ ಬರಲಿ ಎಂದು ಇನ್ನೊಂದು ವಾರ. ಅಷ್ಟರಲ್ಲಿ ಒಂದು ಬೆಳಿಗ್ಗೆ ಕೊಟ್ಟಿಗೆಯ ಹೊಸ್ತಿಲು ದಾಟುವಾಗ ಬಲಗಾಲು ಎಡವಿತು. ಅಂಗಾಲಿಗೆ ನೆಲ ತಾಗಿದ್ದೇ ಸರಿಯಾಗಿ ಗೊತ್ತಾಗಲಿಲ್ಲ.

ಇಲ್ಲಿಂದ ಅಕ್ಕನ ಮುಂದೆ ಎರಡು ದಾರಿಗಳಿವೆ. ಯಾವ ದಾರಿ ಎನ್ನುವುದು ಆ ದಿನ ಮತ್ತು ಮಾರನೆಯ ದಿನ ಮನೆಯವರು ಏನು ಮಾಡುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ಸ್ತನದ ಕಾಯಿಲೆ ಬೆನ್ನಿಗೆ ಬರುವುದು ಹೇಗೆ?

ಕ್ಯಾನ್ಸರ್ ಕಣಗಳು ಹುಟ್ಟಿದ ಜಾಗದಿಂದ ಬಿಡಿಸಿಕೊಂಡು ರಕ್ತದ ಮೂಲಕ ಬೇರೆ ಕಡೆ ಹೋಗಿ ನೆಲೆಯೂರಬಲ್ಲವು. ಅವು ಹೆಚ್ಚಾಗಿ ನೆಲೆಯೂರುವ ಜಾಗಗಳಲ್ಲಿ ಮೂಳೆಯೂ ಒಂದು. ಮೂಳೆಗಳಲ್ಲಿ ಬೆನ್ನೆಲುಬಿನ ಮೇಲೆ ಅವಕ್ಕೆ ಒಲವು ಹೆಚ್ಚು. ಸ್ತನ, ಶ್ವಾಸಕೋಶ, ಗಂಡಸರ ಪ್ರಾಸ್ಟೇಟ್ ಗ್ರಂಥಿ, ಮೂತ್ರಪಿಂಡ, ಥೈರಾಯ್ಡ್: ಈ ಐದು ಅಂಗಗಳ ಕ್ಯಾನ್ಸರ್ ಮೂಳೆಗೆ ಹರಡುವುದು ಹೆಚ್ಚು. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲೇ ದೇಶದಲ್ಲಿ 1.9 ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಇದು ಹೊಸದಾಗಿ ಕಂಡುಬಂದಿದೆ. ಕೆಲವು ಬಗೆಯ ಸ್ತನ ಕ್ಯಾನ್ಸರ್ ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಮೂಳೆಯಲ್ಲಿ ಕಾಣಿಸಿಕೊಳ್ಳುವುದುಂಟು. ಐದು ವರ್ಷ ಕಳೆಯಿತೆಂದು ತಪಾಸಣೆ ನಿಲ್ಲಿಸಬಾರದು ಎನ್ನುವುದು ಇದಕ್ಕೇ.

ಬೆನ್ನೆಲುಬು ಎಂದರೆ ಒಂದರ ಮೇಲೊಂದು ಜೋಡಿಸಿದ ಬಳೆಗಳಂಥ ಮೂಳೆಗಳು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ ಕೂಡಿಕೊಂಡ ಮೂಳೆಗಳು. ಇವುಗಳ ನಡುವಿನ ಕೊಳವೆಯಲ್ಲಿ ಕಿರುಬೆರಳಿನ ದಪ್ಪದ ಬೆನ್ನುಹುರಿ ಇಳಿದು ಬರುತ್ತದೆ. ಕಾಲು ಎತ್ತಬೇಕು, ಮೂತ್ರ ತಡೆಯಬೇಕು, ಅಂಗಾಲಿಗೆ ಕಲ್ಲು ಚುಚ್ಚಿತು ಎಂಬ ಸುದ್ದಿಯೆಲ್ಲ ಹೋಗಿಬರುವುದು ಈ ಹುರಿಯ ಮೂಲಕವೇ. ಕ್ಯಾನ್ಸರ್ ಮೂಳೆಯನ್ನು ಒಳಗಿನಿಂದ ತಿಂದು ಟೊಳ್ಳು ಮಾಡಿದಾಗ ಎರಡು ಅಪಾಯಗಳಿವೆ. ಮೂಳೆ ಕುಸಿಯಬಹುದು. ಗಂಟು ಬೆಳೆದು ಹುರಿಯನ್ನು ಅದುಮಬಹುದು. ಇವೆರಡೂ ಹೆಚ್ಚಾಗಿ ಆಗುವುದು ಎದೆಯ ಹಿಂದಿನ ಭಾಗದಲ್ಲಿ. ಅಕ್ಕನ ನೋವು ಸೊಂಟದಲ್ಲಿರದೆ ಹೆಗಲ ನಡುವೆ ಇದ್ದದ್ದೇ ಎಚ್ಚರಿಕೆಯ ಗಂಟೆಯಾಗಿತ್ತು. ಕೆಲಸದಿಂದ ಬರುವ ನೋವು ಸಾಮಾನ್ಯವಾಗಿ ಸೊಂಟ, ಕುತ್ತಿಗೆಗಳಲ್ಲಿ ಕಾಣಿಸುತ್ತದೆ.

ಕರು ಹಾಕಿದ ಹಸು ಏಳದಿದ್ದರೆ ಏನು ಮಾಡುತ್ತೀರಿ?

ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಎರಡು ಮೂರು ದಿನಗಳೊಳಗೆ ಕತ್ತು ಹೊಟ್ಟೆಯ ಕಡೆ ತಿರುಗಿಸಿ ಮಲಗಿಬಿಟ್ಟಿತು, ಎಬ್ಬಿಸಿದರೆ ಏಳುತ್ತಿಲ್ಲ, ಕಿವಿ ತಣ್ಣಗಿದೆ. ಹಾಲು ಜ್ವರ ಎಂದು ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. "ನಾಳೆ ನೋಡೋಣ" ಎನ್ನುತ್ತೀರಾ? ಇಲ್ಲ. ರಾತ್ರಿ ಹನ್ನೊಂದಾದರೂ ಪಶುವೈದ್ಯರಿಗೆ ಫೋನು ಮಾಡುತ್ತೀರಿ. ಸಮಯಕ್ಕೆ ಸರಿಯಾಗಿ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಹಸು ಎದ್ದು ನಿಲ್ಲುತ್ತದೆ. ತಡವಾದರೆ ತನ್ನ ಭಾರಕ್ಕೇ ತೊಡೆಯ ಮಾಂಸ ಮತ್ತು ನರ ಜಜ್ಜಿ, ಆಮೇಲೆ ಎಷ್ಟು ಬಾಟಲಿ ಏರಿಸಿದರೂ ಏಳುವುದು ಕಷ್ಟ. ಇದನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ.

ಬೆನ್ನುಹುರಿಯ ಲೆಕ್ಕವೂ ಹಾಗೆಯೇ. ಕಾಯಿಲೆ ಬೇರೆ, ಗಡಿಯಾರ ಒಂದೇ. ಹುರಿ ಅದುಮಿಹೋದ ಬಹುಪಾಲು ರೋಗಿಗಳಿಗೆ ಮೊದಲು ಕಾಣುವುದು ಬೆನ್ನುನೋವೇ. ಕಾಲಿನ ಸುಸ್ತು, ಜೋಮು ಬರುವುದು ಹಲವು ವಾರಗಳ ನಂತರ. ಮೂತ್ರ ಕಟ್ಟುವುದು, ಮಲದ ಮೇಲೆ ಹಿಡಿತ ತಪ್ಪುವುದು ಅದಕ್ಕಿಂತ ತಡವಾಗಿ. ಕಾಲು ಸೋಲಲು ಶುರುವಾದ ಮೇಲೆ ಮಾತ್ರ ಗಂಟೆಗಳ ಲೆಕ್ಕ. ಚಿಕಿತ್ಸೆ ಆರಂಭವಾಗುವಾಗ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಚಿಕಿತ್ಸೆಯ ನಂತರವೂ ನಡೆಯುತ್ತಾರೆ. ಕಾಲು ಪೂರ್ತಿ ಬಿದ್ದು ಹೋಗಿ ದಿನಗಳಾದ ಮೇಲೆ ಬಂದವರಲ್ಲಿ ಮತ್ತೆ ನಡೆಯುವವರು ಕಡಿಮೆ. ವೈದ್ಯರ ಕೈಚಳಕಕ್ಕಿಂತ ಹೆಚ್ಚಾಗಿ ಫಲಿತಾಂಶ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಈ ಲಕ್ಷಣಗಳಿದ್ದರೆ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 24 ಗಂಟೆಯೊಳಗೆ ಎಂ.ಆರ್.ಐ. ಸ್ಕ್ಯಾನ್ ಆಗಬೇಕು ಎನ್ನುತ್ತದೆ. ಅದೂ ನೋವಿರುವ ಜಾಗ ಒಂದನ್ನೇ ಅಲ್ಲ, ಇಡೀ ಬೆನ್ನೆಲುಬನ್ನು. ಏಕೆಂದರೆ ಅನೇಕರಿಗೆ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಕಾಯಿಲೆ ಇರುತ್ತದೆ. ಬರಿಯ ಎಕ್ಸ್‌ರೇಯಲ್ಲಿ ಆರಂಭದ ಹಂತ ಕಾಣುವುದಿಲ್ಲ. "ಎಕ್ಸ್‌ರೇ ಸರಿಯಿದೆ" ಎಂದರೂ ನೋವು ಮುಂದುವರಿದರೆ ಸುಮ್ಮನಾಗಬೇಡಿ.

ಒಬ್ಬ ವೈದ್ಯರಿಂದ ಏಕೆ ಆಗುವುದಿಲ್ಲ?

ನಿಮ್ಮ ಡೇರಿಯನ್ನೇ ನೋಡಿ. ಹಾಲು ಪರೀಕ್ಷಕರು ಫ್ಯಾಟ್ ನೋಡುತ್ತಾರೆ, ಕಾರ್ಯದರ್ಶಿ ಲೆಕ್ಕ ಬರೆಯುತ್ತಾರೆ, ಕೃತಕ ಗರ್ಭಧಾರಣೆ ಕಾರ್ಯಕರ್ತರು ಬೆದೆಗೆ ಬಂದ ಹಸು ನೋಡುತ್ತಾರೆ, ಪಶುವೈದ್ಯರು ಚಿಕಿತ್ಸೆ ಕೊಡುತ್ತಾರೆ, ಲಾರಿ ಹೊತ್ತಿಗೆ ಬರುತ್ತದೆ. ಒಬ್ಬರು ತಪ್ಪಿದರೂ ಹಾಲು ಒಡೆಯುತ್ತದೆ. ಬೆನ್ನೆಲುಬಿಗೆ ಹರಡಿದ ಕ್ಯಾನ್ಸರ್ ಕೂಡ ಹಲವು ಕೈಗಳ ಕೆಲಸ. ಇದು ಒಂದೇ ಹೊತ್ತಿಗೆ ಕ್ಯಾನ್ಸರ್ ಕಾಯಿಲೆ, ಮೂಳೆಯ ಕಾಯಿಲೆ, ನರದ ಕಾಯಿಲೆ ಮತ್ತು ನೋವಿನ ಕಾಯಿಲೆ. ದೊಡ್ಡ ಆಸ್ಪತ್ರೆಗಳಲ್ಲಿ ಈ ಎಲ್ಲ ವಿಭಾಗದವರು ಒಂದು ಕೋಣೆಯಲ್ಲಿ ಕೂತು, ಸ್ಕ್ಯಾನ್ ಪರದೆಗೆ ಹಾಕಿ, ಒಬ್ಬೊಬ್ಬ ರೋಗಿಯ ಬಗ್ಗೆ ಚರ್ಚಿಸಿ ತೀರ್ಮಾನಕ್ಕೆ ಬರುತ್ತಾರೆ. ಇದಕ್ಕೆ ಟ್ಯೂಮರ್ ಬೋರ್ಡ್ ಎನ್ನುತ್ತಾರೆ. ಈ ಹೆಸರು ನೆನಪಿಡಿ, ಕೇಳಲು ಬೇಕಾಗುತ್ತದೆ.

ಅಲ್ಲಿ ಯಾರು ಯಾರು ಇರುತ್ತಾರೆ?

ರೇಡಿಯಾಲಜಿ ವೈದ್ಯರು ಎಂ.ಆರ್.ಐ. ನೋಡಿ ಹುರಿ ಎಷ್ಟು ಅದುಮಿದೆ, ಎಷ್ಟು ಜಾಗದಲ್ಲಿ ಎಂದು ಹೇಳುತ್ತಾರೆ.

ಪೆಥಾಲಜಿ ವೈದ್ಯರು ಸೂಜಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಯಾವ ಕಾಯಿಲೆ ಎಂದು ಖಚಿತ ಮಾಡುತ್ತಾರೆ. ಹೈನುಗಾರರಿಗೆ ಇದು ಇನ್ನೂ ಮುಖ್ಯ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಬರುವ ಬ್ರುಸೆಲ್ಲೋಸಿಸ್ ಕೂಡ ಬೆನ್ನೆಲುಬಿಗೆ ಇಳಿಯಬಲ್ಲದು. ಕ್ಷಯವೂ ಬೆನ್ನೆಲುಬಿಗೆ ಬರುತ್ತದೆ. ಇವೆರಡೂ ಔಷಧಿಯಿಂದ ವಾಸಿಯಾಗುವ ಕಾಯಿಲೆಗಳು. ಆದ್ದರಿಂದ ಹಸು ಸಾಕುವವರು ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

ಮೆಡಿಕಲ್ ಆಂಕಾಲಜಿ ವೈದ್ಯರು ಕಿಮೋ, ಹಾರ್ಮೋನ್ ಮಾತ್ರೆ ಮತ್ತು ಇಡೀ ದೇಹಕ್ಕೆ ಕೆಲಸ ಮಾಡುವ ಇತರ ಔಷಧಿಗಳನ್ನು ನೋಡಿಕೊಳ್ಳುತ್ತಾರೆ. ಮೂಳೆ ಇನ್ನಷ್ಟು ಸವೆಯದಂತೆ ತಡೆಯುವ ಜೊಲೆಡ್ರೋನಿಕ್ ಆಸಿಡ್‌ನಂಥ ಇಂಜೆಕ್ಷನ್ ಬರೆಯುವವರೂ ಸಾಮಾನ್ಯವಾಗಿ ಇವರೇ. ಆ ಇಂಜೆಕ್ಷನ್ ಶುರು ಮಾಡುವ ಮುಂಚೆ ಹಲ್ಲು ತೋರಿಸಿಕೊಳ್ಳಬೇಕು. ಹುಳುಕು ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಬೇಕು. ಇಲ್ಲದಿದ್ದರೆ ದವಡೆ ಮೂಳೆಗೆ ತೊಂದರೆಯಾಗಬಹುದು.

ರೇಡಿಯೇಷನ್ ವೈದ್ಯರು ಕೊಡುವ ಚಿಕಿತ್ಸೆಗೇ ಹಳ್ಳಿಯಲ್ಲಿ 'ಕರೆಂಟ್ ಕೊಡುವುದು' ಎನ್ನುವುದು. ಅದರಲ್ಲಿ ಕರೆಂಟೂ ಇಲ್ಲ, ಶಾಕೂ ಇಲ್ಲ. ಎಕ್ಸ್‌ರೇ ತೆಗೆಸಿಕೊಂಡ ಹಾಗೆ ಕೆಲವು ನಿಮಿಷ ಅಲುಗಾಡದೆ ಮಲಗಿರಬೇಕು, ಅಷ್ಟೇ. ಮೂಳೆ ನೋವಿಗೆ ಕೆಲವರಿಗೆ ಒಂದೇ ದಿನದ ಚಿಕಿತ್ಸೆ ಸಾಕಾಗುತ್ತದೆ, ಕೆಲವರಿಗೆ ಒಂದೆರಡು ವಾರ ಬೇಕು. ಹತ್ತು ಜನರಲ್ಲಿ ಸುಮಾರು ಆರು ಜನರಿಗೆ ನೋವು ಇಳಿಯುತ್ತದೆ. ಪೂರ್ತಿ ಗುಣ ಕಾಣಲು ಎರಡು ಮೂರು ವಾರ ಹಿಡಿಯಬಹುದು.

ಬೆನ್ನೆಲುಬಿನ ಶಸ್ತ್ರಚಿಕಿತ್ಸಕರು ಹುರಿಯ ಮೇಲಿನ ಒತ್ತಡ ಬಿಡಿಸಿ, ಕುಸಿಯುವ ಮೂಳೆಗೆ ಸ್ಕ್ರೂ ಮತ್ತು ಸರಳಿನ ಆಸರೆ ಕೊಡುತ್ತಾರೆ. ಮೂತ್ರಪಿಂಡ, ಥೈರಾಯ್ಡ್‌ನಿಂದ ಬಂದ ಗಂಟುಗಳು ತುಂಬಾ ರಕ್ತ ಸುರಿಸುತ್ತವೆ. ಅಂಥವರಿಗೆ ಆಪರೇಷನ್ನಿಗೆ ಮುಂಚೆ ಗಂಟಿಗೆ ಹೋಗುವ ರಕ್ತನಾಳಗಳನ್ನು ಮುಚ್ಚುವುದುಂಟು.

ಉಪಶಾಮಕ ಆರೈಕೆಯ ವೈದ್ಯರು ನೋವು, ವಾಂತಿ, ನಿದ್ರೆ, ಮಲಬದ್ಧತೆ ನೋಡುತ್ತಾರೆ. ಇವರು ಕೊನೆಗಾಲಕ್ಕೆ ಮಾತ್ರ ಬರುವವರಲ್ಲ, ಮೊದಲ ದಿನದಿಂದಲೇ ಬೇಕಾದವರು.

ಇವರ ಜೊತೆಗೆ ಫಿಸಿಯೋಥೆರಪಿಸ್ಟ್, ನರ್ಸ್, ಆಹಾರ ತಜ್ಞರು, ಆಪ್ತಸಮಾಲೋಚಕರು, ಯೋಜನೆ ಮತ್ತು ಕಾಗದಪತ್ರ ನೋಡುವ ಸಮಾಜ ಕಾರ್ಯಕರ್ತರು.

ತಂಡ ಕೇಳಿಕೊಳ್ಳುವ ನಾಲ್ಕು ಪ್ರಶ್ನೆ

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು ಇಂಥ ರೋಗಿಗಳಿಗಾಗಿ ನಾಲ್ಕು ಪ್ರಶ್ನೆಗಳ ಕ್ರಮವೊಂದನ್ನು ರೂಪಿಸಿದ್ದಾರೆ. ಈಗ ಅನೇಕ ದೇಶಗಳ ವೈದ್ಯರು ಅದನ್ನು ಬಳಸುತ್ತಾರೆ. ಸರಳವಾಗಿ ಹೇಳುವುದಾದರೆ ಹೀಗೆ:

1. ಹುರಿ ಅದುಮಿದೆಯೇ? ಎಷ್ಟು?
2. ಈ ಬಗೆಯ ಕ್ಯಾನ್ಸರ್ ರೇಡಿಯೇಷನ್‌ಗೆ ಕರಗುತ್ತದೆಯೇ?
3. ಮೂಳೆ ಭಾರ ತಡೆಯುವಷ್ಟು ಗಟ್ಟಿಯಿದೆಯೇ, ಇಲ್ಲ ಕುಸಿಯುತ್ತದೆಯೇ?
4. ರೋಗಿಯ ಒಟ್ಟು ಆರೋಗ್ಯ ಹೇಗಿದೆ? ಆಪರೇಷನ್ ತಾಳಿಕೊಳ್ಳುತ್ತಾರೆಯೇ?

ಈ ನಾಲ್ಕಕ್ಕೂ ಉತ್ತರ ಒಬ್ಬರ ಬಳಿ ಇರುವುದಿಲ್ಲ. ರೇಡಿಯೇಷನ್ ಗಂಟನ್ನು ಕರಗಿಸಬಲ್ಲದು, ಆದರೆ ಕುಸಿದ ಮೂಳೆಯನ್ನು ಎತ್ತಿ ನಿಲ್ಲಿಸಲಾರದು. ಸ್ಕ್ರೂ ಮೂಳೆಯನ್ನು ನಿಲ್ಲಿಸಬಲ್ಲದು, ಆದರೆ ಉಳಿದ ಕ್ಯಾನ್ಸರ್ ಕಣಗಳನ್ನು ಕೊಲ್ಲಲಾರದು. ಒಬ್ಬರ ಕೆಲಸ ಎಲ್ಲಿ ನಿಲ್ಲುತ್ತದೋ ಅಲ್ಲಿ ಇನ್ನೊಬ್ಬರು ಕೈ ಹಾಕಬೇಕು.

ಇದು ಬರಿಯ ಮಾತಲ್ಲ. 2005ರಲ್ಲಿ ಅಮೆರಿಕದ ವೈದ್ಯರು ಹುರಿ ಅದುಮಿದ್ದ 101 ರೋಗಿಗಳ ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ರೇಡಿಯೇಷನ್ ಮಾತ್ರ, ಉಳಿದವರಿಗೆ ಮೊದಲು ಆಪರೇಷನ್, ಆಮೇಲೆ ರೇಡಿಯೇಷನ್. ರೇಡಿಯೇಷನ್ ಮಾತ್ರ ಪಡೆದವರಲ್ಲಿ ಚಿಕಿತ್ಸೆಯ ನಂತರ ನಡೆಯಬಲ್ಲವರು ನೂರಕ್ಕೆ 57. ಎರಡನ್ನೂ ಪಡೆದವರಲ್ಲಿ ನೂರಕ್ಕೆ 84. ಬಂದಾಗಲೇ ನಡೆಯಲಾರದೆ ಇದ್ದವರಲ್ಲಿ ಮತ್ತೆ ನಡೆದವರು ಮೊದಲ ಗುಂಪಿನಲ್ಲಿ ನೂರಕ್ಕೆ 19, ಎರಡನೆಯದರಲ್ಲಿ 62. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಹಾಗಾದರೆ ಎಲ್ಲರಿಗೂ ಆಪರೇಷನ್ ಮಾಡಿಬಿಡಬಹುದಲ್ಲ? ಇಲ್ಲ. ಆ ಅಧ್ಯಯನಕ್ಕೆ ಆರಿಸಿಕೊಂಡದ್ದು ಒಂದೇ ಜಾಗದಲ್ಲಿ ಹುರಿ ಅದುಮಿದವರನ್ನು, ಆಪರೇಷನ್ ತಾಳುವಷ್ಟು ಆರೋಗ್ಯ ಇದ್ದವರನ್ನು, ಕಾಲು ಪೂರ್ತಿ ಬಿದ್ದು ಎರಡು ದಿನಕ್ಕಿಂತ ಹೆಚ್ಚಾಗಿರದವರನ್ನು ಮಾತ್ರ. ರೇಡಿಯೇಷನ್‌ಗೆ ಬೇಗ ಕರಗುವ ಕೆಲವು ಕ್ಯಾನ್ಸರ್‌ಗಳನ್ನು ಸೇರಿಸಿಕೊಂಡಿರಲಿಲ್ಲ. ತುಂಬಾ ಬಳಲಿದವರಿಗೆ ದೊಡ್ಡ ಆಪರೇಷನ್ ಉಪಕಾರಕ್ಕಿಂತ ತೊಂದರೆಯನ್ನೇ ಹೆಚ್ಚು ಕೊಡಬಹುದು. ಯಾರಿಗೆ ಯಾವುದು ಎಂದು ತೂಗಿ ನೋಡುವುದಕ್ಕೇ ತಂಡ ಬೇಕು.

ಅಕ್ಕನಿಗೆ ಏನಾಯಿತು?

ಉದಾಹರಣೆಯ ಅಕ್ಕನ ಕಡೆ ಮತ್ತೆ ಬರೋಣ. ಕಾಲು ಎಡವಿದ ಬೆಳಿಗ್ಗೆಯೇ ಮಗಳು ಹಳೆಯ ಫೈಲು ಹುಡುಕಿ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನು ಮಾಡಿದಳು ಎಂದುಕೊಳ್ಳಿ. ನರ್ಸ್ ಕೇಳಿದ್ದು ಮೂರು ಪ್ರಶ್ನೆ: ನೋವು ಎಲ್ಲಿ, ಕಾಲಲ್ಲಿ ಶಕ್ತಿ ಇದೆಯೇ, ಮೂತ್ರ ಹೋಗುತ್ತಿದೆಯೇ. "ಬೈಕಿನಲ್ಲಿ ಕೂರಿಸಬೇಡಿ, ಮಲಗಿಸಿಕೊಂಡು ಇವತ್ತೇ ಬನ್ನಿ" ಎಂದರು. 108 ಬಂತು. ಪಕ್ಕದ ಮನೆಯವಳು ಹಸುಗಳ ಹೊಣೆ ಹೊತ್ತಳು.

ಆಸ್ಪತ್ರೆ ತಲುಪಿದ ಮೇಲೆ ಹುರಿಯ ಊತ ಇಳಿಸಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಆ ಔಷಧಿ ಸಕ್ಕರೆ ಏರಿಸುತ್ತದೆ, ಹೊಟ್ಟೆ ಸುಡುತ್ತದೆ. ಅದಕ್ಕೇ ವೈದ್ಯರ ಕಣ್ಣೆದುರಲ್ಲೇ ಕೊಡಬೇಕು, ಅಂಗಡಿಯಿಂದ ತಂದು ನುಂಗುವುದಲ್ಲ. ರಾತ್ರಿ ಎಂ.ಆರ್.ಐ. ಆಯಿತು. ಎದೆಯ ಹಿಂದಿನ ಒಂದು ಮೂಳೆ ಅರ್ಧ ಕುಸಿದು ಹುರಿಯನ್ನು ಅದುಮಿತ್ತು. ಬೆಳಿಗ್ಗೆ ತಂಡ ಕೂತಿತು. ಮೂಳೆ ಗಟ್ಟಿಯಿಲ್ಲ, ಅದುಮಿರುವುದು ಒಂದೇ ಜಾಗ, ಅಕ್ಕನ ಆರೋಗ್ಯ ಚೆನ್ನಾಗಿದೆ, ಇನ್ನೂ ಆಸರೆ ಹಿಡಿದು ನಡೆಯುತ್ತಿದ್ದಾಳೆ. ಮೊದಲು ಆಪರೇಷನ್, ಗಾಯ ಮಾಗಿದ ಮೇಲೆ ರೇಡಿಯೇಷನ್, ತೆಗೆದ ಚೂರಿನ ಪರೀಕ್ಷೆ ನೋಡಿ ಔಷಧಿ ಎಂದು ತೀರ್ಮಾನವಾಯಿತು. ಫಿಸಿಯೋಥೆರಪಿಸ್ಟ್ ಬೇಗನೆ ಎಬ್ಬಿಸಿ ನಿಲ್ಲಿಸಿದರು. ಅಕ್ಕ ವಾಕರ್ ಹಿಡಿದು ಊರಿಗೆ ಬಂದಳು, ಕೆಲವು ತಿಂಗಳಲ್ಲಿ ಕೋಲು ಸಾಕಾಯಿತು.

ಇನ್ನೊಂದು ದಾರಿಯನ್ನೂ ನೋಡಬೇಕು. ಅದೇ ಬೆಳಿಗ್ಗೆ "ನರ ಹಿಡಿದಿದೆ" ಎಂದು ಬೆನ್ನು ತುಳಿಸಿದ್ದರೆ, ಎಳೆಸಿದ್ದರೆ, ಇನ್ನೊಂದು ವಾರ ಕಾದಿದ್ದರೆ ಟೊಳ್ಳಾದ ಮೂಳೆ ಪೂರ್ತಿ ಕುಸಿಯಬಹುದಿತ್ತು. ಹುರಿ ಒಮ್ಮೆ ಸತ್ತರೆ ಯಾವ ಆಪರೇಷನ್ ಮಾಡಿದರೂ ಕಾಲು ಬರುವುದಿಲ್ಲ. ಮನೆ, ಆಸ್ಪತ್ರೆ, ತಂಡ ಎಲ್ಲವೂ ಅವೇ. ನಡುವೆ ಬಂದದ್ದು ಒಂದು ವಾರ ಮಾತ್ರ.

ಮನೆಗೆ ಬಂದ ಮೇಲೆ ನೀವೇ ತಂಡದ ಭಾಗ

ಮಾರ್ಫಿನ್ ಹೆಸರು ಕೇಳಿ ಹೆದರಬೇಡಿ. ಕ್ಯಾನ್ಸರ್ ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಚಟ ಹಿಡಿಸುವುದು ಅಪರೂಪ. ಸಾವನ್ನು ಬೇಗ ತರುವ ಔಷಧಿಯೂ ಅಲ್ಲ. ನೋವು ಬಂದಾಗ ಮಾತ್ರವಲ್ಲ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಲ ಗಟ್ಟಿಯಾಗುತ್ತದೆ, ಅದಕ್ಕೆ ಕೊಟ್ಟ ಔಷಧಿಯನ್ನು ಬಿಡಬಾರದು.

ಏಳಲಾಗದ ಹಸುವನ್ನು ನೀವು ಮಗ್ಗುಲು ಬದಲಿಸಿ, ಕೆಳಗೆ ಹುಲ್ಲು ಹಾಸುತ್ತೀರಿ. ಮಲಗಿದ್ದ ರೋಗಿಗೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು, ನಡು, ಹಿಮ್ಮಡಿಗಳನ್ನು ದಿನಾ ನೋಡಿ. ಕೆಂಪಾದರೆ ಹುಣ್ಣಿನ ಮುನ್ಸೂಚನೆ. ತಿರುಗಿಸುವಾಗ ತಲೆ, ಭುಜ, ಸೊಂಟ ಒಟ್ಟಿಗೆ ಮರದ ದಿಮ್ಮಿ ಹೊರಳಿಸಿದಂತೆ ತಿರುಗಬೇಕು, ನಡು ತಿರುಚಬಾರದು. ನರ್ಸ್‌ಗಳಿಂದ ಇದನ್ನು ಕೈಯಾರೆ ಕಲಿತೇ ಮನೆಗೆ ಬನ್ನಿ.

ಕ್ಯಾಲ್ಸಿಯಂ ವಿಷಯದಲ್ಲಿ ಎಚ್ಚರ. ಹಾಲು ಜ್ವರದಲ್ಲಿ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆ. ಮೂಳೆಗೆ ಹರಡಿದ ಕ್ಯಾನ್ಸರ್‌ನಲ್ಲಿ ಇದಕ್ಕೆ ತಿರುಗುಮುರುಗಾಗಿ ಕೆಲವೊಮ್ಮೆ ಏರಿಬಿಡುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಂಕು, ತೊದಲು ಮಾತು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. "ಮೂಳೆ ಗಟ್ಟಿಯಾಗಲಿ" ಎಂದು ನೀವಾಗಿಯೇ ಕ್ಯಾಲ್ಸಿಯಂ ಮಾತ್ರೆ ಕೊಡಬೇಡಿ, ವೈದ್ಯರು ಬರೆದರೆ ಮಾತ್ರ ಕೊಡಿ.

ಕಿಮೋ ನಡೆಯುವಾಗ ಹಸಿ ಹಾಲು ಬೇಡ, ಚೆನ್ನಾಗಿ ಕಾಯಿಸಿದ ಹಾಲು ಕೊಡಿ. ಕ್ಯಾನು, ಹೊರೆ ಎತ್ತುವುದು, ಬಗ್ಗಿ ಸಗಣಿ ಬಾಚುವುದು ನಿಲ್ಲಲಿ. ಯಾವ ಕೆಲಸ ಎಷ್ಟು ಮಾಡಬಹುದು ಎಂದು ಫಿಸಿಯೋಥೆರಪಿಸ್ಟ್‌ರನ್ನು ಕೇಳಿ. ಕೂತು ಮಾಡುವ ಕೆಲಸ, ಲೆಕ್ಕ ನೋಡುವ ಕೆಲಸ ಅವಳದೇ ಆಗಿರಲಿ. ಕೊಟ್ಟಿಗೆಯಿಂದ ಪೂರ್ತಿ ದೂರವಿಟ್ಟರೆ ಮನಸ್ಸು ಇನ್ನೂ ಕುಗ್ಗುತ್ತದೆ.

ಗುಣವಾಗುತ್ತದೆಯೇ?

ಇದನ್ನು ಮುಚ್ಚಿಡದೆ ಹೇಳಬೇಕು. ಮೂಳೆಗೆ ಹರಡಿದ ಕ್ಯಾನ್ಸರ್ ಸಾಮಾನ್ಯವಾಗಿ ಬೇರುಸಹಿತ ವಾಸಿಯಾಗುವುದಿಲ್ಲ. ಆದರೆ ಹತೋಟಿಯಲ್ಲಿಡಬಹುದು. ಸ್ತನ ಕ್ಯಾನ್ಸರ್ ಮೂಳೆಗೆ ಮಾತ್ರ ಹರಡಿದವರಲ್ಲಿ ಅನೇಕರು ಔಷಧಿಯ ಬಲದಿಂದ ವರ್ಷಗಟ್ಟಲೆ ಬದುಕುತ್ತಾರೆ. ಕೆಲವರಿಗೆ ಅಷ್ಟು ಸಮಯ ಇರುವುದಿಲ್ಲ. ಎರಡೂ ಸಂದರ್ಭದಲ್ಲಿ ತಂಡದ ಗುರಿ ಒಂದೇ: ನೋವಿಲ್ಲದೆ, ತನ್ನ ಕಾಲ ಮೇಲೆ ತಾನು, ತನ್ನ ಮನೆಯಲ್ಲಿ ಇರುವಂತಾಗಬೇಕು. ಬಚ್ಚಲಿಗೆ ತಾನೇ ನಡೆದು ಹೋಗುವುದು ಎಷ್ಟು ದೊಡ್ಡದು ಎಂದು ಮಲಗಿದವರನ್ನು ನೋಡಿಕೊಂಡ ನಿಮಗೆ ಗೊತ್ತು.

ನಮ್ಮಲ್ಲಿ ಒಂದು ಅಭ್ಯಾಸವಿದೆ. "ಅವಳಿಗೆ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಳ್ಳುತ್ತಾಳೆ" ಎಂದು ಗಂಡಸರು ಹೊರಗೆ ನಿಂತು ಮಾತಾಡುವುದು. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಬೆನ್ನು ಅವಳದು, ಕಾಲು ಅವಳದು. ಆಪರೇಷನ್ ಬೇಕೇ ಬೇಡವೇ, ಹಸು ಮಾರಬೇಕೇ ಇಡಬೇಕೇ, ಮಗಳ ಮದುವೆ ಯಾವಾಗ ಎಂಬ ತೀರ್ಮಾನಗಳು ಅವಳಿಲ್ಲದೆ ಆಗಬಾರದು. ತಂಡ ಮಾತಾಡುವಾಗ ಅವಳೂ ಒಳಗೆ ಇರಲಿ. ಮನಸ್ಸು ತಾಳದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಎಲ್ಲಿಗೆ ಹೋಗುವುದು, ಖರ್ಚು ಹೇಗೆ?

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ. ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಈ ವಿಭಾಗಗಳಿವೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳು 2012ರಿಂದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಜಾಲ ಕಟ್ಟಿಕೊಂಡಿವೆ. ಕಷ್ಟದ ಪ್ರಕರಣಗಳನ್ನು ಆ ಜಾಲದ ತಜ್ಞರ ಜೊತೆ ದೂರದಿಂದಲೇ ಚರ್ಚಿಸಲು ಸಾಧ್ಯವಿದೆ. ಬೆಂಗಳೂರಿನ ಕರುಣಾಶ್ರಯವು ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ನೀಡುತ್ತದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ಖರ್ಚಿನ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗಬಹುದು, ಆದ್ದರಿಂದ ಆಧಾರ್ ಮತ್ತು ಪಡಿತರ ಚೀಟಿ ಕೈಲಿರಲಿ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಜಾರಿಯಾದ ಯಶಸ್ವಿನಿ ಯೋಜನೆಯಲ್ಲಿ ಹಾಲು ಸಂಘದ ಸದಸ್ಯರೂ ಸೇರಬಹುದು. ಪ್ರತಿ ವರ್ಷ ನವೀಕರಿಸಬೇಕು. ಯಾವ ಚಿಕಿತ್ಸೆ, ಯಾವ ಆಸ್ಪತ್ರೆ ಇದರಲ್ಲಿ ಬರುತ್ತದೆ ಎಂದು ಸಂಘದ ಕಾರ್ಯದರ್ಶಿಯವರಿಂದ ಕೇಳಿ ತಿಳಿಯಿರಿ. ಕಾಯಿಲೆ ಬಂದ ಮೇಲೆ ಕಾರ್ಡು ಹುಡುಕುವುದಲ್ಲ, ಈ ತಿಂಗಳೇ ಮಾಡಿಸಿಟ್ಟುಕೊಳ್ಳಿ.

ಕತ್ತರಿಸಿ ಗೋಡೆಗೆ ಅಂಟಿಸಿಡಿ

ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಈ ಲಕ್ಷಣಗಳಿದ್ದರೆ ಒಂದೆರಡು ದಿನದಲ್ಲೇ ಆಸ್ಪತ್ರೆಗೆ ತಿಳಿಸಿ:
• ಹೆಗಲ ನಡುವೆ ಅಥವಾ ಬೆನ್ನಲ್ಲಿ ಹೊಸ ನೋವು, ದಿನದಿಂದ ದಿನಕ್ಕೆ ಹೆಚ್ಚುವುದು
• ಮಲಗಿದರೆ ಜೋರಾಗುವ, ನಿದ್ರೆಯಿಂದ ಎಬ್ಬಿಸುವ ನೋವು
• ಕೆಮ್ಮಿದಾಗ, ಮುಕ್ಕಿದಾಗ ಚುಚ್ಚುವುದು
• ಎದೆ ಅಥವಾ ಹೊಟ್ಟೆ ಸುತ್ತ ಪಟ್ಟಿ ಬಿಗಿದಂತಾಗುವುದು

ಈ ಲಕ್ಷಣಗಳಿದ್ದರೆ ಅದೇ ದಿನ, ರಾತ್ರಿಯಾದರೂ 108ಕ್ಕೆ ಕರೆ ಮಾಡಿ, ಮಲಗಿಸಿಕೊಂಡೇ ಹೊರಡಿ:
• ಕಾಲಲ್ಲಿ ಸುಸ್ತು, ಎಡವುವುದು, ಮೆಟ್ಟಿಲು ಹತ್ತಲಾಗದಿರುವುದು
• ಕಾಲು, ತೊಡೆಸಂದಿಯಲ್ಲಿ ಜೋಮು, ಸ್ಪರ್ಶ ತಿಳಿಯದಿರುವುದು
• ಮೂತ್ರ ಕಟ್ಟುವುದು, ಮಲ ಮೂತ್ರದ ಹಿಡಿತ ತಪ್ಪುವುದು

ಮಾಡಬಾರದ್ದು: ಬೆನ್ನು ತುಳಿಸುವುದು, ಎಳೆಸುವುದು, ಜೋರಾಗಿ ತಿಕ್ಕಿಸುವುದು, ಬೈಕಿನಲ್ಲಿ ಕೂರಿಸಿಕೊಂಡು ಹೋಗುವುದು.

ಆಸ್ಪತ್ರೆಯಲ್ಲಿ ಹೇಳಬೇಕಾದ್ದು: "ನನಗೆ ಇಂಥ ವರ್ಷ ಕ್ಯಾನ್ಸರ್ ಆಗಿತ್ತು, ಈಗ ಬೆನ್ನು ನೋಯುತ್ತಿದೆ." ಕೇಳಬೇಕಾದ್ದು: "ಟ್ಯೂಮರ್ ಬೋರ್ಡಿನಲ್ಲಿ ನನ್ನ ಸ್ಕ್ಯಾನ್ ನೋಡಿದ್ದಾರೆಯೇ?"

ಕೊನೆಯ ಮಾತು ಸಂಘದ ಎಲ್ಲ ಸಹೋದರಿಯರಿಗೆ. ಅಕ್ಕನಂಥವರು ಆಸ್ಪತ್ರೆಗೆ ಹೋಗದೆ ಕಾಯುವುದು ಹೆಚ್ಚಾಗಿ ಹೆದರಿಕೆಗಲ್ಲ, ಹಸುವಿಗಾಗಿ. "ನಾನು ಹೋದರೆ ಕರೆಯುವವರು ಯಾರು?" ಆ ಪ್ರಶ್ನೆಗೆ ಉತ್ತರ ವೈದ್ಯರ ಬಳಿ ಇಲ್ಲ, ನಿಮ್ಮ ಬಳಿ ಇದೆ. ಮುಂದಿನ ಸಭೆಯಲ್ಲಿ ಈ ಮಾತು ತೆಗೆಯಿರಿ: ನಮ್ಮಲ್ಲಿ ಯಾರಾದರೂ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅವರ ಹಸುವನ್ನು ಯಾರು ಕರೆಯುತ್ತೀರಿ, ಹಾಲನ್ನು ಅವರ ಪಾಸ್‌ಬುಕ್ಕಿಗೆ ಯಾರು ಹಾಕಿಸುತ್ತೀರಿ? ಎರಡು ಹೆಸರು ಬರೆದಿಡಿ. ನೆರೆಮನೆಯವಳ ಹಸುವನ್ನು ನೀವು ಒಂದು ವಾರ ಕರೆದರೆ, ಅವಳು ಒಂದು ವಾರ ಬೇಗ ಆಸ್ಪತ್ರೆಗೆ ಹೋಗುತ್ತಾಳೆ. ಆ ಒಂದು ವಾರದಲ್ಲೇ ಅವಳ ಕಾಲು ಉಳಿಯಬಹುದು.